ಆಪ್ತಸಲಹೆ ಪ್ರಕರಣ: ಮೂರು ಲಕ್ಷ ಪಾಯಿಂಟ್ಸ್ ಯಾರ ದುಡ್ಡು?

(ಹೆಸರು, ಊರು, ಮನೆಯ ವಿವರ ಬದಲಿಸಿದ್ದೇನೆ. ಗಂಡ ಹೆಂಡತಿ ಇಬ್ಬರೂ ಓದಿ ಒಪ್ಪಿದ ಮೇಲೆ ಹಾಕುತ್ತಿದ್ದೇನೆ.)

ಶಾಲಿನಿ ಮತ್ತು ಗಿರೀಶ್ ದಾವಣಗೆರೆ ಕಡೆಯವರು. ಈಗ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿದ್ದಾರೆ, ಟೊರಾಂಟೊ ಪಕ್ಕ. ಗಿರೀಶ್‌ಗೆ ಸಾಫ್ಟ್‌ವೇರ್ ಕೆಲಸ. ಶಾಲಿನಿ ಊರಲ್ಲಿ ಹೈಸ್ಕೂಲ್ ಗಣಿತದ ಟೀಚರ್ ಆಗಿದ್ದರು. ಅಲ್ಲಿಗೆ ಹೋದ ಮೇಲೆ ಮನೆ, ಮಗಳು, ಅಡುಗೆ, ಅಂಗಡಿ. ಆನ್‌ಲೈನ್ ಸೆಷನ್ ಬುಕ್ ಮಾಡುವಾಗ 'ಸಮಸ್ಯೆ ಏನು' ಅನ್ನುವ ಜಾಗದಲ್ಲಿ ಗಿರೀಶ್ ಬರೆದಿದ್ದರು: "ಸಣ್ಣ ವಿಷಯಕ್ಕೆ ದೊಡ್ಡ ಜಗಳ." ವಿಷಯ ಸಣ್ಣದು ಅಂತ ಯಾರು ಬರೆಯುತ್ತಾರೋ, ಸಾಮಾನ್ಯವಾಗಿ ಅದನ್ನು ಮಾಡಿದವರು ಅವರೇ ಆಗಿರುತ್ತಾರೆ.

ಆದದ್ದು ಇಷ್ಟು. ಹೊಸ ಟಿವಿ ತರಲು ಗಿರೀಶ್ ಹೋಗಿದ್ದರು. ಬಿಲ್ ಮಾಡುವಾಗ ಕ್ಯಾಷಿಯರ್ "ಪಾಯಿಂಟ್ಸ್ ಬಳಸ್ತೀರಾ?" ಅಂತ ಕೇಳಿದರು. ಇವರು ಹೂಂ ಅಂದರು. ಮೂರು ಲಕ್ಷ ಪಾಯಿಂಟ್ಸ್ ಹೋಯಿತು.

"ಮೂರು ಲಕ್ಷನಾ?" ಅಂದೆ. ಗಿರೀಶ್ ನಕ್ಕರು. "ಮುನ್ನೂರು ಡಾಲರ್ ಮೇಡಂ, ಅಷ್ಟೇ. ನಮ್ಮ ಮನೆಗೇ ತಾನೇ ಟಿವಿ ಬಂದಿದ್ದು?"

ಶಾಲಿನಿ ನಗಲಿಲ್ಲ. "ಎರಡೂವರೆ ವರ್ಷ ಕೂಡಿಟ್ಟಿದ್ದೆ. ಒಂದು ಮಾತು ಕೇಳಬೇಕು ಅಂತ ಇವರಿಗೆ ಅನ್ನಿಸಲಿಲ್ಲ."

ಕೆನಡಾದಲ್ಲಿ ಇಲ್ಲದವರಿಗೆ ಸ್ವಲ್ಪ ವಿವರ ಬೇಕು. ಅಲ್ಲಿ ಪಿಸಿ ಆಪ್ಟಿಮಮ್ ಅಂತ ಒಂದು ಪಾಯಿಂಟ್ಸ್ ಯೋಜನೆ ಇದೆ. ಲೋಬ್ಲಾ ಕಂಪನಿಯದ್ದು. ಅದರ ದಿನಸಿ ಅಂಗಡಿಗಳಲ್ಲಿ ಪಿಸಿ ಪ್ಲಸ್ ಅಂತ, ಶಾಪರ್ಸ್ ಡ್ರಗ್ ಮಾರ್ಟ್ ಔಷಧಿ ಅಂಗಡಿಗಳಲ್ಲಿ ಆಪ್ಟಿಮಮ್ ಅಂತ ಬೇರೆ ಬೇರೆ ಇದ್ದವು. 2018ರ ಫೆಬ್ರವರಿಯಲ್ಲಿ ಎರಡನ್ನೂ ಸೇರಿಸಿದರು. ನೋ ಫ್ರಿಲ್ಸ್, ರಿಯಲ್ ಕೆನಡಿಯನ್ ಸೂಪರ್‌ಸ್ಟೋರ್, ಶಾಪರ್ಸ್, ಎಲ್ಲ ಕಡೆ ಒಂದೇ ಖಾತೆ. 10,000 ಪಾಯಿಂಟ್ಸ್ ಆದರೆ 10 ಡಾಲರ್ ಬಿಲ್ಲಿನಲ್ಲಿ ಕಳೆಯಬಹುದು. ಆಮೇಲೂ ಹತ್ತತ್ತು ಸಾವಿರದ ಲೆಕ್ಕದಲ್ಲೇ. ಅಕ್ಕಿ ತಂದರೂ ಟಿವಿ ತಂದರೂ ಬೆಲೆ ಒಂದೇ. ಹಾಗಾಗಿ ಲೆಕ್ಕದ ಮಟ್ಟಿಗೆ ಗಿರೀಶ್ ಮಾಡಿದ್ದರಲ್ಲಿ ನಷ್ಟವೇನೂ ಇಲ್ಲ. ಇದನ್ನು ಮೊದಲೇ ಹೇಳಿಬಿಟ್ಟೆ. ಅವರ ಮುಖದಲ್ಲಿ ಗೆದ್ದ ಕಳೆ ಬಂತು, ಬಹಳ ಹೊತ್ತು ಇರಲಿಲ್ಲ.

"ಅದನ್ನ ಯಾಕೆ ಬಳಸದೆ ಇಟ್ಟಿದ್ರಿ?" ಅಂತ ಶಾಲಿನಿಯವರನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಮ್ಮಮ್ಮ ಸಾಸಿವೆ ಡಬ್ಬೀಲಿ ದುಡ್ಡು ಇಡ್ತಿದ್ರು ಮೇಡಂ. ಅಪ್ಪನಿಗೆ ಗೊತ್ತಿತ್ತು, ಆದ್ರೆ ಕೈ ಹಾಕ್ತಿರಲಿಲ್ಲ. ನನಗೆ ಅಲ್ಲಿ ಸಂಬಳ ಬರ್ತಿತ್ತು. ಇಲ್ಲಿ ನಾನು ದುಡಿದಿದ್ದು ಅಂತ ಇದ್ದಿದ್ದು ಇದೊಂದೇ."

ಗಿರೀಶ್ ಕ್ಯಾಮೆರಾದಿಂದ ಕಣ್ಣು ತೆಗೆದರು.

ಮೊದಲ ಸೆಷನ್ ಅಲ್ಲಿಗೇ ಮುಗಿಸಿದೆ. ಎರಡನೆಯದಕ್ಕೆ ಒಂದು ತಿಂಗಳ ಬಿಲ್ಲುಗಳನ್ನೆಲ್ಲ ತರಲು ಹೇಳಿದೆ. ದುಡ್ಡಿನ ಜಗಳದಲ್ಲಿ ಮನಸ್ಸಿನ ಮಾತು ಎಷ್ಟು ಮುಖ್ಯವೋ ಬಿಲ್ಲೂ ಅಷ್ಟೇ ಮುಖ್ಯ. ಈ ಕೆಲಸದಲ್ಲಿರುವ ಕೆಲವರಿಗೆ ಬಿಲ್ ನೋಡೋದು ನಮ್ಮ ಕೆಲಸವಲ್ಲ ಅನ್ನಿಸುತ್ತದೆ. ನನಗೆ ಹಾಗನ್ನಿಸುವುದಿಲ್ಲ.

ಶಾಲಿನಿ ಅವನ್ನು ವಾರವಾರ ಕ್ಲಿಪ್ ಹಾಕಿ ಜೋಡಿಸಿಟ್ಟಿದ್ದರು. ಒಂದೊಂದೇ ಕ್ಯಾಮೆರಾಗೆ ಹಿಡಿದರು. ಒಂದು ಬಿಲ್ಲಿನಲ್ಲಿ ತೊಗರಿಬೇಳೆ ಇತ್ತು, 12 ಡಾಲರ್ ಚೀಲ. ಅದರ ಮೇಲೆ ಡಾಲರಿಗೆ 200 ಪಾಯಿಂಟ್ಸ್ ಆಫರ್. ಅಂದರೆ 2,400 ಪಾಯಿಂಟ್ಸ್, 2 ಡಾಲರ್ 40 ಸೆಂಟ್ ವಾಪಸ್. ಲೆಕ್ಕಕ್ಕೆ ಬೇಳೆ 9.60ಕ್ಕೆ ಬಿತ್ತು.

"ಇದೇ ಚೀಲ ನಿಮ್ಮ ಇಂಡಿಯನ್ ಸ್ಟೋರ್‌ನಲ್ಲಿ ಎಷ್ಟು?"

"ಒಂಬತ್ತು." ಹೇಳಿದ ಮರುಕ್ಷಣ ಅವರೇ ನಕ್ಕರು. ಗಣಿತದ ಟೀಚರ್, ಉಳಿದದ್ದನ್ನು ನಾನು ಹೇಳಬೇಕಾಗಿರಲಿಲ್ಲ.

ಇಂಡಿಯನ್ ಸ್ಟೋರ್‌ನಲ್ಲಿ ಇವರಿಗೆ ಪಾಯಿಂಟ್ಸ್ ಸಿಗುವುದಿಲ್ಲ. ಸೋನಾ ಮಸೂರಿ, ಕರಿಬೇವು, ಅವಲಕ್ಕಿ, ಬ್ಯಾಡಗಿ ಮೆಣಸಿನಕಾಯಿ ಮೊದಲು ಅಲ್ಲಿಂದಲೇ ಬರುತ್ತಿತ್ತು. ಪಾಯಿಂಟ್ಸ್ ಹುಚ್ಚು ಹತ್ತಿದ ಮೇಲೆ ಅಲ್ಲಿಗೆ ಹೋಗುವುದು ಕಡಿಮೆಯಾಗಿತ್ತು. ಇನ್ನೊಂದು ಬಿಲ್ಲಿನಲ್ಲಿ ಗ್ರೀಕ್ ಯೋಗರ್ಟ್, ನಾಲ್ಕು ಡಬ್ಬಿ. ಮನೆಯಲ್ಲಿ ಯಾರೂ ತಿನ್ನುವುದಿಲ್ಲ. ಎರಡು ಹಾಳಾಗಿ ಕಸಕ್ಕೆ ಹೋಗಿತ್ತು. ಡಾಲರಿಗೆ 200 ಪಾಯಿಂಟ್ಸ್ ಅಂದರೆ ನೂರಕ್ಕೆ ಇಪ್ಪತ್ತು ವಾಪಸ್. ಬೇಡದ ವಸ್ತು ತಂದರೆ ಉಳಿದ ಎಂಬತ್ತು ಹೋದಂತೆಯೇ, ಅಲ್ವಾ?

ಪ್ರತಿ ಗುರುವಾರ ಆಪ್‌ನಲ್ಲಿ ಹೊಸ ಆಫರ್ ಬರುತ್ತವೆ. ನೀವು ಏನು ಕೊಳ್ಳುತ್ತೀರಿ ಅಂತ ನೋಡಿ ನಿಮಗೇ ಬೇರೆ ಆಫರ್ ಕೊಡುತ್ತಾರೆ. ಶಾಲಿನಿ ಗುರುವಾರ ಬೆಳಿಗ್ಗೆ ಕಾಫಿ ಜೊತೆ ಆಪ್ ತೆರೆದು, ಅದನ್ನು ನೋಡಿ ಸಾಮಾನಿನ ಪಟ್ಟಿ ಬರೆಯುತ್ತಿದ್ದರು. ನಾನು ಕೊಟ್ಟ ಮೊದಲ ಸಲಹೆ ಇದನ್ನು ತಿರುಗಿಸುವುದು. ಮೊದಲು ಅಡುಗೆಮನೆ ನೋಡಿ, ಮುಗಿದದ್ದನ್ನು ಬರೆಯಿರಿ. ಆಮೇಲೆ ಆಪ್ ತೆರೆಯಿರಿ. ಪಟ್ಟಿಯಲ್ಲಿರುವುದಕ್ಕೆ ಆಫರ್ ಬಂದಿದ್ದರೆ ತಗೊಳ್ಳಿ. ಇಲ್ಲದ್ದು ಎಷ್ಟೇ ದೊಡ್ಡ ಆಫರ್ ಇರಲಿ, ಬಿಡಿ.

ಶಾಪರ್ಸ್‌ನ ಲೆಕ್ಕ ಬೇರೆ. ಅಲ್ಲಿ ಮಾಮೂಲಿ ದಿನ ಡಾಲರಿಗೆ 15 ಪಾಯಿಂಟ್ಸ್, ಅಂದರೆ ನೂರಕ್ಕೆ ಒಂದೂವರೆ. ಆಗಾಗ ಇಪ್ಪತ್ತು ಪಟ್ಟು ಕೊಡುವ ದಿನ ಬರುತ್ತದೆ. ಆವತ್ತು ಡಾಲರಿಗೆ 300, ನೂರಕ್ಕೆ ಮೂವತ್ತು. ಇದು ನಿಜಕ್ಕೂ ದೊಡ್ಡದು. ಆದರೆ ಷರತ್ತು ಇರುತ್ತದೆ, ಇಷ್ಟು ಡಾಲರ್ ಮೇಲೆ ಕೊಂಡರೆ ಮಾತ್ರ ಅಂತ. 75 ಡಾಲರ್ ಅಂತ ಇದ್ದರೆ, 61 ಡಾಲರ್ ಆದಾಗ ಕೈ ತಾನಾಗೇ ಇನ್ನೊಂದು ಕ್ರೀಮಿನ ಕಡೆ ಹೋಗುತ್ತದೆ.

ಇದರ ಬಗ್ಗೆ ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದ್ದಾರೆ. ಜೋಸೆಫ್ ನುನೆಸ್ ಮತ್ತು ಕ್ಸೇವಿಯರ್ ಡ್ರೇಝ್ 2006ರಲ್ಲಿ ಪ್ರಕಟಿಸಿದ್ದು. ಕಾರು ತೊಳೆಯುವ ಜಾಗದಲ್ಲಿ ಕೆಲವರಿಗೆ ಎಂಟು ಮುದ್ರೆಯ ಕಾರ್ಡ್ ಕೊಟ್ಟರು. ಒಂದು ಸಲ ತೊಳೆಸಿದರೆ ಒಂದು ಮುದ್ರೆ, ಕಾರ್ಡ್ ತುಂಬಿದರೆ ಒಂದು ಸಲ ಪುಕ್ಕಟೆ. ಇನ್ನು ಕೆಲವರಿಗೆ ಹತ್ತು ಮುದ್ರೆಯ ಕಾರ್ಡ್, ಆದರೆ ಎರಡು ಮೊದಲೇ ಒತ್ತಿದ್ದು. ಇಬ್ಬರಿಗೂ ಬೇಕಾದದ್ದು ಎಂಟೇ. ಆದರೂ ಮೊದಲ ಗುಂಪಿನಲ್ಲಿ ನೂರಕ್ಕೆ 19 ಜನ ಕಾರ್ಡ್ ತುಂಬಿಸಿದರೆ, ಎರಡನೆಯದರಲ್ಲಿ 34 ಜನ. ಸ್ವಲ್ಪ ದಾರಿ ಆಗಲೇ ಬಂದುಬಿಟ್ಟಿದ್ದೇವೆ ಅನ್ನಿಸಿದರೆ ನಾವು ನಿಲ್ಲುವುದಿಲ್ಲ. ಶಾಲಿನಿಗೆ ಇದನ್ನು ಹೇಳಿದಾಗ ಅವರಿಗೆ ಸಮಾಧಾನವೇ ಆಯಿತು. ತಮಗೊಬ್ಬರಿಗೇ ಬುದ್ಧಿ ಇಲ್ಲ ಅಂದುಕೊಂಡಿದ್ದರಂತೆ.

ಶಾಪರ್ಸ್‌ನ ಆ ಇಪ್ಪತ್ತು ಪಟ್ಟಿನ ದಿನಕ್ಕೆ ನಾವು ಒಂದು ನಿಯಮ ಮಾಡಿಕೊಂಡೆವು. ಬೇರೆ ಕಡೆ 8 ಡಾಲರಿಗೆ ಸಿಗುವ ಶಾಂಪೂ ಅಲ್ಲಿ 12 ಇದ್ದರೆ, ಮೂವತ್ತು ಪರ್ಸೆಂಟ್ ವಾಪಸ್ ಬಂದರೂ 8.40 ಆಗುತ್ತದೆ, ಬೇಡ. ಅದೇ ಶಾಂಪೂ ಅಲ್ಲೂ ಸೇಲ್‌ನಲ್ಲಿ 8 ಇದ್ದರೆ 5.60ಕ್ಕೆ ಬಿದ್ದಂತೆ, ಆಗ ಎರಡು ತಗೊಳ್ಳಿ. ಹಲ್ಲುಜ್ಜುವ ಪೇಸ್ಟ್, ಬಟ್ಟೆ ಸೋಪು, ಪ್ಯಾಡ್, ಇವು ಕೆಡುವುದಿಲ್ಲ, ಹೇಗೂ ಖರ್ಚಾಗುತ್ತವೆ. ಇಂಥವನ್ನು ಸೇರಿಸಿಟ್ಟುಕೊಂಡು ಒಂದೇ ದಿನ 75 ದಾಟಿಸಿದರೆ 22,500 ಪಾಯಿಂಟ್ಸ್. ಆವತ್ತು ಮಾತ್ರ, ಖಾತೆಯಲ್ಲಿ ಮೊದಲೇ ಇರುವ ಪಾಯಿಂಟ್ಸ್ ಖರ್ಚು ಮಾಡಬಾರದು. ಪಾಯಿಂಟ್ಸಿನಿಂದ ತೀರಿಸಿದ ಮೊತ್ತಕ್ಕೆ ಹೊಸ ಪಾಯಿಂಟ್ಸ್ ಹುಟ್ಟುವುದಿಲ್ಲ.

ಕ್ರೆಡಿಟ್ ಕಾರ್ಡ್ ಮಾತೂ ಬಂತು. ಕಾರ್ಡ್ ಇದ್ದರೆ ಜಾಸ್ತಿ ಪಾಯಿಂಟ್ಸ್ ಸಿಗುತ್ತದೆ, ಸರಿ. ತಿಂಗಳ ಬಾಕಿ ಪೂರ್ತಿ ಕಟ್ಟುವವರು ಇಟ್ಟುಕೊಳ್ಳಲಿ. ಬಾಕಿ ಉಳಿಸಿಕೊಳ್ಳುವವರಿಗೆ ವರ್ಷಕ್ಕೆ ನೂರಕ್ಕೆ ಇಪ್ಪತ್ತರ ಮೇಲೆ ಬಡ್ಡಿ ಬೀಳುತ್ತದೆ, ಯಾವ ಪಾಯಿಂಟೂ ಅದನ್ನು ತುಂಬುವುದಿಲ್ಲ. ಇವರು ಪೂರ್ತಿ ಕಟ್ಟುವವರು, ಹಾಗಾಗಿ ಮುಂದೆ ಹೋದೆವು.

ಉಳಿದದ್ದು ಕೂಡಿಡುವ ಪ್ರಶ್ನೆ. ಬಳಸದಿದ್ದರೆ ಹೋಗಿಬಿಡುತ್ತೆ ಅನ್ನುವ ಭಯ ಶಾಲಿನಿಗೆ ಇರಲಿಲ್ಲ, ಅದು ಸರಿಯೇ. ಏರ್ ಮೈಲ್ಸ್ ಅನ್ನುವ ಇನ್ನೊಂದು ಯೋಜನೆ ಐದು ವರ್ಷ ಹಳೆಯ ಪಾಯಿಂಟ್ಸ್ ರದ್ದು ಮಾಡುತ್ತೇವೆ ಅಂತ ಹೊರಟಾಗ ಜನ ಗಲಾಟೆ ಮಾಡಿದರು. 2016ರ ಕೊನೆಗೆ ಅವರೇ ಹಿಂದೆ ಸರಿದರು. ಅದೇ ವರ್ಷ ಒಂಟಾರಿಯೊದಲ್ಲಿ, ಬರೀ ಕಾಲ ಕಳೆಯಿತು ಅನ್ನುವ ಕಾರಣಕ್ಕೆ ಪಾಯಿಂಟ್ಸ್ ರದ್ದು ಮಾಡಬಾರದು ಅಂತ ಕಾನೂನೇ ಬಂತು. ಆದರೆ ಇಟ್ಟ ಪಾಯಿಂಟ್ಸಿಗೆ ಬಡ್ಡಿ ಇಲ್ಲ. 2022ರಲ್ಲಿ ಕೆನಡಾದ ಅಂಗಡಿಗಳಲ್ಲಿ ಆಹಾರದ ಬೆಲೆ ಹಿಂದಿನ ವರ್ಷಕ್ಕಿಂತ ನೂರಕ್ಕೆ 9.8ರಷ್ಟು ಏರಿತು. ಪಾಯಿಂಟ್ಸ್ ಲೆಕ್ಕ ಮಾತ್ರ ಹತ್ತು ಸಾವಿರಕ್ಕೆ ಹತ್ತು ಡಾಲರೇ. ಅಂಥ ವರ್ಷ ಮುನ್ನೂರು ಡಾಲರ್ ಪಾಯಿಂಟ್ಸ್ ಸುಮ್ನೆ ಇಟ್ಟುಕೊಂಡು ಕೂತರೆ ಒಂದು ಸಣ್ಣ ಚೀಲದಷ್ಟು ಸಾಮಾನು ಕೈಬಿಟ್ಟಂತೆ. ಶಾಪರ್ಸ್‌ನಲ್ಲಿ ಕೆಲವೊಮ್ಮೆ ಪಾಯಿಂಟ್ಸ್ ಬಳಸಿದರೆ ಹೆಚ್ಚು ಡಾಲರ್ ಕೊಡುವ ದಿನ ಇರುತ್ತದೆ. ಅಲ್ಲಿ ತಗೊಳ್ಳಬೇಕಾದ ದೊಡ್ಡ ಸಾಮಾನು ಇದ್ದರೆ ಅದಕ್ಕೆ ಕಾಯಬಹುದು. ಇಲ್ಲದಿದ್ದರೆ ಕಾಯುವುದರಲ್ಲಿ ಅರ್ಥವಿಲ್ಲ.

"ಹಾಗಾದ್ರೆ ಬೇಗ ಬೇಗ ಖರ್ಚು ಮಾಡಬೇಕು" ಅಂದರು ಗಿರೀಶ್, ಖುಷಿಯಾಗಿ.

"ಮಾಡಿ. ಆದ್ರೆ ಬಳಸುವ ಬಟನ್ ಒತ್ತೋದು ಶಾಲಿನಿ" ಅಂದೆ. ಇಬ್ಬರ ಖಾತೆಯೂ ಒಂದೇ ಮನೆಯ ಲೆಕ್ಕಕ್ಕೆ ಜೋಡಿಸಿತ್ತು, ಹಾಗಾಗಿ ಯಾರು ಬೇಕಾದರೂ ಬಳಸಬಹುದಿತ್ತು. ಜೋಡಣೆ ತೆಗೆಯುವ ಅಗತ್ಯ ಇಲ್ಲ, ಮಾತು ಇಟ್ಟುಕೊಂಡರೆ ಸಾಕು ಅಂದೆ.

ಆಮೇಲೆ ಹೇಳಿದ್ದೇ ಈ ಪ್ರಕರಣದ ಮುಖ್ಯ ಸಲಹೆ. ಶಾಲಿನಿ 30,000 ಪಾಯಿಂಟ್ಸ್ ಬಳಸಿ ದಿನಸಿ ಬಿಲ್ಲಿನಲ್ಲಿ 30 ಡಾಲರ್ ಕಳೆದರೆ, ಜಂಟಿ ಖಾತೆಯಲ್ಲಿ ಆ 30 ಡಾಲರ್ ಉಳಿಯುತ್ತದೆ. ಉಳಿದದ್ದು ಅಲ್ಲೇ ಇದ್ದರೆ ಯಾವುದರಲ್ಲೋ ಕರಗಿಹೋಗುತ್ತದೆ, ಉಳಿತಾಯ ಆಯ್ತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಆದ್ದರಿಂದ ಅದೇ ದಿನ ಆ 30 ಡಾಲರನ್ನು ಶಾಲಿನಿ ಹೆಸರಿನ ಉಳಿತಾಯ ಖಾತೆಗೆ ಕಳಿಸಬೇಕು. ಕಳಿಸುವುದು ಗಿರೀಶ್ ಕೆಲಸ. ಟಿವಿಗೆ ಹೋದ ಮುನ್ನೂರೂ ಮೊದಲ ಕಂತಾಗಿ ಅಲ್ಲಿಗೆ ಹೋಗಬೇಕು.

"ಅಂದ್ರೆ ನಾನು ಟಿವಿಗೆ ಎರಡು ಸಲ ದುಡ್ಡು ಕೊಟ್ಟ ಹಾಗಾಗಲ್ವಾ?" ಗಿರೀಶ್ ಕೇಳಿದರು.

ಶಾಲಿನಿ ಉತ್ತರ ಕೊಟ್ಟರು. "ರೀ, ಒಂದೇ ಸಲ. ಮೊದಲನೇ ಸಲ ಕೊಟ್ಟಿದ್ದು ನಾನು."

ಅದಕ್ಕೆ ನಾನು ಸೇರಿಸುವಂಥದ್ದು ಏನೂ ಇರಲಿಲ್ಲ.

ಶಾಲಿನಿ ಒಬ್ಬರದೇ ಹೆಸರಿನಲ್ಲಿ ಆ ದೇಶದಲ್ಲಿ ಒಂದು ಬ್ಯಾಂಕ್ ಖಾತೆಯೂ ಇರಲಿಲ್ಲ ಅಂತ ಆಗ ಗೊತ್ತಾಯಿತು. ಗಿರೀಶ್‌ಗೆ ಅದು ಯಾವತ್ತೂ ತಲೆಗೆ ಬಂದಿರಲಿಲ್ಲ. ಕೆಟ್ಟ ಮನಸ್ಸಿನಿಂದ ಅಲ್ಲ. ಜಂಟಿ ಖಾತೆ ಇದೆಯಲ್ಲ, ಸಾಕಲ್ಲ ಅನ್ನುವ ಲೆಕ್ಕ. ಆದರೆ ಸಂಬಳ ಬಿಟ್ಟು ಬಂದ ಹೆಣ್ಣುಮಗಳಿಗೆ, ಕೇಳದೆ ಖರ್ಚು ಮಾಡುವ ದುಡ್ಡು ತಿಂಗಳಿಗೆ ಇಷ್ಟು ಅಂತ ಇರಲೇಬೇಕು. ಅದನ್ನು ಪಾಯಿಂಟ್ಸಿನಿಂದ ಮಾತ್ರ ಹುಟ್ಟಿಸುವುದು ತಪ್ಪು. ಹಾಗೆ ಮಾಡಿದರೆ ಆಕೆ ಮತ್ತೆ ಯೋಗರ್ಟ್ ಡಬ್ಬಿ ತರುತ್ತಾರೆ. ಆದ್ದರಿಂದ ಜಂಟಿ ಖಾತೆಯಿಂದ ತಿಂಗಳಿಗೊಂದು ಗೊತ್ತಾದ ಮೊತ್ತವೂ ಹೋಗಲಿ, ಪಾಯಿಂಟ್ಸ್ ದುಡ್ಡು ಅದರ ಮೇಲೆ ಅಂತ ತೀರ್ಮಾನವಾಯಿತು. ಎಷ್ಟು ಅನ್ನುವುದಕ್ಕೆ ಸ್ವಲ್ಪ ಜಗ್ಗಾಟ ನಡೆಯಿತು. ನಾನು ಮಧ್ಯೆ ಹೋಗಲಿಲ್ಲ.

ಕೆಲವು ತಿಂಗಳ ಮೇಲೆ ಮತ್ತೆ ಮಾತಾಡಿದೆವು. ಬೇಳೆ ಅಕ್ಕಿ ಇಂಡಿಯನ್ ಸ್ಟೋರ್‌ಗೆ ವಾಪಸ್ ಹೋಗಿದೆ. ತಿಂಗಳಿಗೆ ಸಿಗುವ ಪಾಯಿಂಟ್ಸ್ ಮೊದಲಿಗಿಂತ ಕಡಿಮೆ, ದಿನಸಿ ಖರ್ಚೂ ಕಡಿಮೆ. ಗಿರೀಶ್ ಎರಡು ಸಲ ದುಡ್ಡು ಕಳಿಸಲು ಮರೆತಿದ್ದರು, ಶಾಲಿನಿ ನೆನಪಿಸಿದ್ದರು, ಒಂದು ಸಲ ಸ್ವಲ್ಪ ಜೋರಾಗಿಯೇ. ಈಗಿನ ಚರ್ಚೆ ಬೇರೆ. ಅಲ್ಲಿ ಸರ್ಕಾರಿ ದುಡ್ಡಿನಲ್ಲಿ ನಡೆಯುವ ಶಾಲೆಯಲ್ಲಿ ಪಾಠ ಮಾಡಬೇಕೆಂದರೆ ಒಂಟಾರಿಯೊ ಕಾಲೇಜ್ ಆಫ್ ಟೀಚರ್ಸ್‌ನಲ್ಲಿ (ಹೆಸರಿಗೆ ಕಾಲೇಜ್, ಕೆಲಸ ಟೀಚರ್‌ಗಳಿಗೆ ಪರವಾನಗಿ ಕೊಡುವುದು) ನೋಂದಣಿ ಆಗಬೇಕು. ಅರ್ಜಿಗೆ ಫೀಸು ಇದೆ. ಅದನ್ನು ಜಂಟಿ ಖಾತೆಯಿಂದ ಕಟ್ಟೋಣ ಅಂತ ಗಿರೀಶ್. ಬೇಡ, ನನ್ನ ಖಾತೆಯಿಂದಲೇ ಕಟ್ಟುತ್ತೇನೆ ಅಂತ ಶಾಲಿನಿ. ಇದಕ್ಕೆ ಇನ್ನೊಂದು ಸೆಷನ್ ಬೇಕಾ ಅಂತ ಗಿರೀಶ್ ಕೇಳಿದರು. ಇದನ್ನು ನೀವೇ ಜಗಳ ಮಾಡಿ ಮುಗಿಸಿಕೊಳ್ಳಿ ಅಂತ ಹೇಳಿ ಫೈಲ್ ಮುಚ್ಚಿದೆ.