‘ಸೆಟ್’ ಅಂದರೆ ಏನು? ಕಲ್ಲಂಗಡಿ ಚೀಟಿ ಹಾಕಿದ ಅಕ್ಕನಿಗೆ ಉತ್ತರ

ಅಕ್ಕ, ನಿನ್ನೆ ರಾತ್ರಿಯೇ ಬರೆಯಬೇಕು ಅಂದುಕೊಂಡೆ. ನಾಲೆ ನೀರಿನ ಸರದಿ ನಮ್ಮದಿತ್ತು, ಗದ್ದೆ ಕಡೆ ಹೋಗಿಬಿಟ್ಟೆ. ಈಗ ಬಿಡುವಾಗಿದೆ. ಸ್ವಲ್ಪ ಉದ್ದ ಆಗುತ್ತದೆ, ನಿಧಾನಕ್ಕೆ ಓದಿ.

ಗುಂಪಿಗೆ ಹೊಸದಾಗಿ ಬಂದವರಿಗೆ ಪ್ರಶ್ನೆ ಏನು ಅಂತ ಹೇಳಿಬಿಡುತ್ತೇನೆ. ಅಕ್ಕ ಮೂರು ಫೋಟೋ ಹಾಕಿದ್ದರು. ಕಲ್ಲಂಗಡಿಗೆ ತಂದ ಔಷಧಿಯ ಚೀಟಿಯಲ್ಲಿ ‘ಆಫ್ಟರ್ ಫ್ರೂಟ್ ಸೆಟ್’ ಹೊಡೆಯಿರಿ ಅಂತ ಇದೆ. ಕಬ್ಬಿನ ಕರಪತ್ರದಲ್ಲಿ ‘ಸೆಟ್ ಟ್ರೀಟ್‌ಮೆಂಟ್’ ಅಂತ ಇದೆ. ಮೋಟರ್ ಸ್ಟಾರ್ಟರ್ ಡಬ್ಬಿ ಒಳಗೂ ‘ಸೆಟ್’ ಅಂತ ಬರೆದಿದೆ. ಇದರ ಜೊತೆಗೆ ಒಂಬತ್ತನೇ ಕ್ಲಾಸಿನ ಮಗಳು, “ಅಮ್ಮ, ಸನ್ ಸೆಟ್ ಅಂದ್ರೆ ಸೂರ್ಯ ಮುಳುಗೋದು. ಹಂಗಾದ್ರೆ ಫ್ರೂಟ್ ಸೆಟ್ ಅಂದ್ರೆ ಕಾಯಿ ಉದುರೋದಾ?” ಅಂತ ಕೇಳಿದ್ದಾಳೆ.

ಒಳ್ಳೆ ಪ್ರಶ್ನೆ ಕೇಳಿದ್ದಾಳೆ. ದೊಡ್ಡವರು ಕೇಳದೇ ಬಿಟ್ಟು ಬೆಳೆ ಕಳೆದುಕೊಂಡಿದ್ದನ್ನು ನಾನು ನೋಡಿದ್ದೇನೆ. ಮಂಡ್ಯದಲ್ಲಿ ಗೊಬ್ಬರ, ಔಷಧಿ ಅಂಗಡಿಯೊಂದರಲ್ಲಿ ಆರು ವರ್ಷ ಕೆಲಸ ಮಾಡಿದೆ. ದಿನಾ ಬೆಳಿಗ್ಗೆಯಿಂದ ಸಂಜೆವರೆಗೆ ರೈತರಿಗೆ ಚೀಟಿ ಓದಿ ಹೇಳೋದೇ ಕೆಲಸ. ಆ ಚೀಟಿಗಳಲ್ಲಿ ನನ್ನನ್ನು ಅತಿ ಜಾಸ್ತಿ ಕಾಡಿದ ಪದ ಇದೇ.

ಮೊದಲು ಬೇರು ಹಿಡಿಯೋಣ, ಆಮೇಲೆ ಕೊಂಬೆ ಸುಲಭ. ಇಂಗ್ಲಿಷಿನಲ್ಲಿ ‘ಸಿಟ್’ ಅಂದರೆ ಕೂರು. ‘ಸೆಟ್’ ಅದರಿಂದಲೇ ಹುಟ್ಟಿದ್ದು, ಕೂರಿಸು ಅಂತ ಅರ್ಥ. ನಮ್ಮ ಕೂರು–ಕೂರಿಸು ಇದ್ದ ಹಾಗೆಯೇ. ಕಾಲ ಕಳೆದಂತೆ ಅದೇ ‘ಸೆಟ್’ ತಾನಾಗಿ ಕೂರೋದಕ್ಕೂ ಬಳಕೆಗೆ ಬಂತು. ಮಗಳಿಗೆ ಹೇಳಿ, ಹಳೆಯ ಇಂಗ್ಲಿಷಿನಲ್ಲಿ ಸೂರ್ಯ ಮುಳುಗೋದಕ್ಕೆ ‘ಕೂರುವ ಜಾಗಕ್ಕೆ ಹೋಗೋದು’ ಅನ್ನೋ ಅರ್ಥದ ಪದವೇ ಇತ್ತು. ಹಾಗಾಗಿ ಸೂರ್ಯ ಸೆಟ್ ಆಗೋದು ಅಂದರೆ ಅವನು ಹೋಗಿ ತನ್ನ ಜಾಗದಲ್ಲಿ ಕೂರೋದು. ಕಾಯಿ ಸೆಟ್ ಆಗೋದು ಅಂದರೆ ಬಳ್ಳಿಯಲ್ಲಿ ಗಟ್ಟಿಯಾಗಿ ಕೂರೋದು. ಉದುರೋದಲ್ಲ, ಅದರ ತದ್ವಿರುದ್ಧ.

ಆಕ್ಸ್‌ಫರ್ಡಿನ ದೊಡ್ಡ ಇಂಗ್ಲಿಷ್ ನಿಘಂಟಿನ 1989ರ ಎರಡನೇ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಇರೋದು ಈ ಪದಕ್ಕೇ. ಕ್ರಿಯಾಪದವಾಗಿಯೇ ಸುಮಾರು 430 ಅರ್ಥ, ವಿವರಿಸಲು ಸುಮಾರು 60,000 ಪದ ಬೇಕಾಯಿತು. ಅಷ್ಟನ್ನೂ ಯಾರೂ ಬಾಯಿಪಾಠ ಮಾಡೋದಿಲ್ಲ. ನಮಗೂ ಬೇಕಾಗಿಲ್ಲ. ಪದ ಸಿಕ್ಕಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ‘ಸೆಟ್ ಮಾಡೋದಾ’, ‘ಸೆಟ್ ಆಗೋದಾ’? ನಮ್ಮ ಕನ್ನಡದಲ್ಲಿ ‘ಮಾಡು’, ‘ಆಗು’ ಅಂತ ಎರಡು ಬೇರೆ ಬೇರೆ ಇವೆ. ಇಂಗ್ಲಿಷಿನವರು ಎರಡಕ್ಕೂ ಒಂದೇ ಪದ ಹೇಳುತ್ತಾರೆ, ಅಲ್ಲೇ ತೊಡಕು.

ಈಗ ಕಲ್ಲಂಗಡಿ. ಇದನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ತಪ್ಪು ಓದಿಕೊಂಡರೆ ನಷ್ಟ ಇಲ್ಲೇ ಜಾಸ್ತಿ.

‘ಫ್ರೂಟ್ ಸೆಟ್’ ಅನ್ನೋದಕ್ಕೆ ನಮ್ಮಲ್ಲಿ ಎಷ್ಟು ಚೆಂದದ ಮಾತಿದೆ ನೋಡಿ: ಕಾಯಿ ಕಚ್ಚೋದು. ಆದರೆ ಕಾಯಿ ಯಾವಾಗ ಕಚ್ಚಿತು ಅಂತ ಹೇಳೋದು ಹೇಗೆ? ಬೆಳಿಗ್ಗೆ ಏಳು ಗಂಟೆಗೆ ತೋಟಕ್ಕೆ ಹೋಗಿ ಬಳ್ಳಿ ಎತ್ತಿ ನೋಡಿ. ಮೊದಲು ಬರೋದು ಗಂಡು ಹೂವು, ಸಣ್ಣ ತೊಟ್ಟಿನ ಮೇಲೆ ನೇರ ಕೂತಿರುತ್ತದೆ. ಕೆಲವು ದಿನ ಬಿಟ್ಟು ಹೆಣ್ಣು ಹೂವು ಬರುತ್ತದೆ. ಅದರ ಕೆಳಗೆ ಮೊದಲ ದಿನದಿಂದಲೇ ಪುಟ್ಟ ಉಂಡೆ ಇರುತ್ತದೆ, ಮೇಲೆ ನವಿರಾದ ರೋಮ. ನೋಡಿದರೆ ಥೇಟ್ ಕಲ್ಲಂಗಡಿ ಪಿಂದೆ. ಎಲ್ಲರೂ ಎಡವೋದು ಇಲ್ಲೇ. ಉಂಡೆ ಕಂಡ ತಕ್ಷಣ ಕಾಯಿ ಕಚ್ಚಿತು ಅಂದುಕೊಳ್ಳುತ್ತಾರೆ. ಇಲ್ಲ ಅಕ್ಕ, ಅದು ಇನ್ನೂ ಕಚ್ಚಿಲ್ಲ. ಹೂವು ಅರಳೋದು ಒಂದೇ ಬೆಳಿಗ್ಗೆ. ಆ ಕೆಲವು ಗಂಟೆಯಲ್ಲಿ ಜೇನು ಹಲವು ಸಲ ಬಂದು ಕೂತು, ಗಂಡು ಹೂವಿನ ಧೂಳು, ಅಂದರೆ ಪರಾಗ, ಅದಕ್ಕೆ ಮುಟ್ಟಬೇಕು. ಮುಟ್ಟಿದರೆ ಹೂವು ಬಾಡಿ, ಉಂಡೆ ಊದಿಕೊಂಡು ಹಸಿರಾಗಿ ಹೊಳೆಯುತ್ತದೆ. ಮುಟ್ಟದಿದ್ದರೆ ಉಂಡೆ ಹಳದಿಯಾಗಿ, ಸುಕ್ಕಾಗಿ, ಬಿದ್ದುಹೋಗುತ್ತದೆ. ಅರ್ಧಂಬರ್ಧ ಮುಟ್ಟಿದರೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಆಗಿ ಸೊಟ್ಟ ಕಾಯಿ ಬರುತ್ತದೆ. ಮಾರುಕಟ್ಟೆಯಲ್ಲಿ ಅದನ್ನು ಯಾರೂ ಎತ್ತೋದಿಲ್ಲ.

ನನಗೆ ನೆನಪಿರುವ ಒಬ್ಬ ರೈತರು ಉಂಡೆ ನೋಡಿದವರೇ, ಹೂವು ತುಂಬಿದ್ದ ಹೊಲಕ್ಕೆ ಬೆಳಿಗ್ಗೆ ಒಂಬತ್ತಕ್ಕೆ ಕೀಟನಾಶಕ ಹೊಡೆದುಬಿಟ್ಟರು. ಚೀಟಿಯಲ್ಲಿ ‘ಆಫ್ಟರ್ ಫ್ರೂಟ್ ಸೆಟ್’ ಅಂತಲೇ ಇತ್ತು. ವಾರ ಬಿಟ್ಟು ಅಂಗಡಿಗೆ ಬಂದು ಕೌಂಟರ್ ಮೇಲೆ ಒಂದು ಟವೆಲ್ ಬಿಚ್ಚಿದರು. ಒಳಗೆ ಹಳದಿ ಪಿಂದೆಗಳು, ಹೆಬ್ಬೆರಳಿನ ಗಾತ್ರದವು, ಒಂದು ಬೊಗಸೆ. “ಔಷಧಿ ಸುಟ್ಟಾಕ್ಬುಡ್ತು” ಅಂದರು. ಔಷಧಿ ಸುಟ್ಟಿರಲಿಲ್ಲ. ಬೆಳಿಗ್ಗೆ ಹೂವಿನ ಮೇಲೆ ಹೊಡೆದದ್ದರಿಂದ ಆ ವಾರ ಅವರ ಹೊಲಕ್ಕೆ ಜೇನು ಬಂದಿರಲಿಲ್ಲ. ಆ ಬೊಗಸೆ ಪಿಂದೆ ನನ್ನ ಕಣ್ಣಿಂದ ಇವತ್ತಿಗೂ ಹೋಗಿಲ್ಲ. ಆಮೇಲಿಂದ ಯಾರಿಗೆ ಚೀಟಿ ಓದಿದರೂ ‘ಸೆಟ್’ ಅಂತ ಓದಿ ಸುಮ್ನೆ ಮುಂದೆ ಹೋಗಲಿಲ್ಲ. “ಹೂವು ಬಾಡಿ, ಪಿಂದೆ ನಿಂಬೆ ಗಾತ್ರಕ್ಕೆ ಊದಿದ ಮೇಲೆ” ಅಂತ ಬಿಡಿಸಿಯೇ ಹೇಳಿದೆ.

ಕಲ್ಲಂಗಡಿಯಲ್ಲಿ ಎಲ್ಲ ಕಾಯಿ ಒಂದೇ ದಿನ ಕಚ್ಚೋದಿಲ್ಲ, ಹೊಲದಲ್ಲಿ ಹೂವು ಇದ್ದೇ ಇರುತ್ತದೆ. ಹಾಗಾಗಿ ಹೊಡೆಯಲೇಬೇಕಾಗಿ ಬಂದರೆ ಜೇನು ಗೂಡಿಗೆ ಮರಳಿದ ಮೇಲೆ, ಸಂಜೆ ಹೊಡೆಯಿರಿ. ಚೀಟಿಯಲ್ಲಿ ಇಷ್ಟು ‘ಡೇಸ್ ಆಫ್ಟರ್ ಫ್ರೂಟ್ ಸೆಟ್’ ಅಂತ ಇದ್ದರೆ ಎಣಿಕೆ ಶುರುವಾಗೋದು ಬಿತ್ತಿದ ದಿನದಿಂದ ಅಲ್ಲ, ಕಾಯಿ ಕಚ್ಚಿದ ದಿನದಿಂದ. ಕೊಯ್ಲಿನ ಲೆಕ್ಕಕ್ಕೂ ಇದೇ ದಿನ ಬೇಕು. ತಳಿ ನೋಡಿಕೊಂಡು ಕಾಯಿ ಕಚ್ಚಿ ಸುಮಾರು 30ರಿಂದ 40 ದಿನಕ್ಕೆ ಹಣ್ಣು ಕೊಯ್ಲಿಗೆ ಬರುತ್ತದೆ. ಬೇಲಿ ಹತ್ತಿರದ ನಾಲ್ಕು ಬಳ್ಳಿಯ ಪಿಂದೆಗೆ ಬಣ್ಣದ ದಾರ ಕಟ್ಟಿ ತಾರೀಖು ಬರೆದಿಡಿ, ಅಷ್ಟೇ ಸಾಕು.

ಟೊಮೇಟೊ ಬೆಳೆಯುವವರಿಗೂ ಒಂದು ಮಾತು. ಬೇಸಿಗೆಯಲ್ಲಿ ಹಗಲು 35 ಡಿಗ್ರಿ ದಾಟಿ, ರಾತ್ರಿಯೂ ಸೆಕೆ ಇಳಿಯದಿದ್ದರೆ ಹೂವಿನ ಧೂಳು ಕೆಟ್ಟು ಹೂವು ಉದುರುತ್ತದೆ. ‘ಪೂರ್ ಫ್ರೂಟ್ ಸೆಟ್’ ಅಂತ ಬರೆದಿರೋದು ಇದನ್ನೇ. ಅದಕ್ಕೆ ಅಂಗಡಿಗೆ ಓಡಿ ಇನ್ನೊಂದು ಬಾಟಲಿ ತರೋದರಲ್ಲಿ ಅರ್ಥ ಇಲ್ಲ.

‘ಸೆಟ್ ಆಗೋ’ ಗುಂಪಿನಲ್ಲಿ ಇನ್ನೊಂದು ದೊಡ್ಡ ಅರ್ಥ ಗಟ್ಟಿಯಾಗೋದು. ನೀರಾಗಿದ್ದದ್ದು ಒಂದು ಆಕಾರಕ್ಕೆ ಕೂರೋದು. ಮಗಳಿಗೆ ಅರ್ಥ ಆಗಬೇಕಾದರೆ ಆಲೆಮನೆಗೆ ಕರೆದುಕೊಂಡು ಹೋಗಿ. ಕೊಪ್ಪರಿಗೆಯಲ್ಲಿ ಪಾಕ ಕುದಿಯುವಾಗ ಬೆಲ್ಲ ಕಾಯಿಸುವವರು ಒಂದು ಹನಿ ತೆಗೆದು ತಣ್ಣೀರಿಗೆ ಬಿಡುತ್ತಾರೆ. ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ. ಉಂಡೆ ನಿಂತರೆ ಪಾಕ ಬಂತು ಅಂತ ಇಳಿಸುತ್ತಾರೆ. ಅಚ್ಚಿಗೆ ತುಂಬಿದ ಮೇಲೆ ಬೆಲ್ಲ ಗಟ್ಟಿ ಹಿಡಿಯುತ್ತದಲ್ಲ, ಅದು ‘ಜಾಗರಿ ಸೆಟ್ಸ್’. ಕಡಿದು ನಾಲ್ಕೈದು ದಿನ ಬಿಸಿಲಲ್ಲಿ ಬಿದ್ದ ಕಬ್ಬು ತಂದು ಅರೆದರೆ ಅದರ ಸಕ್ಕರೆ ಒಡೆದಿರುತ್ತದೆ. ಎಷ್ಟು ಕಾಯಿಸಿದರೂ ಬೆಲ್ಲ ಮೆತ್ತಗೇ ಇರುತ್ತದೆ. ‘ಡಿಡ್ ನಾಟ್ ಸೆಟ್’ ಅಂದರೆ ಅದೇ. ಹಾಲಿಗೆ ಹೆಪ್ಪು ಹಾಕಿ ಬೆಳಿಗ್ಗೆ ನೋಡಿದಾಗ ಗಡ್ಡೆ ಮೊಸರು ಆಗಿದ್ದರೆ ‘ದ ಕರ್ಡ್ ಹ್ಯಾಸ್ ಸೆಟ್’. ಬೆಲ್ಲಕ್ಕೆ ಗಟ್ಟಿ ಹಿಡಿಯೋದು, ಹಾಲಿಗೆ ಹೆಪ್ಪುಗಟ್ಟೋದು, ಹಣ್ಣಿಗೆ ಕಚ್ಚೋದು. ನಮಗೆ ಒಂದೊಂದಕ್ಕೂ ತನ್ನದೇ ಪದ ಇದೆ, ಅದನ್ನು ಕೈಬಿಡಬೇಡಿ.

ಸಿಮೆಂಟಿನಲ್ಲಿ ಮಾತ್ರ ಎಚ್ಚರ. ನಮ್ಮ ದೇಶದ ಮಾನದಂಡದ ಪ್ರಕಾರ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟು 30 ನಿಮಿಷಕ್ಕೆ ಮೊದಲು ಸೆಟ್ ಆಗೋಕೆ ಶುರುವಾಗಬಾರದು, 10 ಗಂಟೆ ಒಳಗೆ ಪೂರ್ತಿ ಸೆಟ್ ಆಗಬೇಕು. ಆದರೆ ಸೆಟ್ ಆಯಿತು ಅಂದರೆ ಬಲ ಬಂತು ಅಂತ ಅಲ್ಲ. ಬಲ ಬರೋದು ದಿನಗಟ್ಟಲೆ, ಅದನ್ನು 28ನೇ ದಿನದವರೆಗೂ ಅಳೆದು ನೋಡುತ್ತಾರೆ. ನೀರಿನ ತೊಟ್ಟಿ ಕಟ್ಟಿಸಿದರೆ ಕನಿಷ್ಠ 7 ದಿನ ಗೋಣಿಚೀಲ ಹೊದಿಸಿ ನೀರು ಹಾಕುತ್ತಲೇ ಇರಿ.

ಇನ್ನು ‘ಸೆಟ್ ಮಾಡೋದು’. ನಿಮ್ಮ ಸ್ಟಾರ್ಟರ್ ಫೋಟೋದಲ್ಲಿ ಇರೋದು ಇದು. ಕರೆಂಟು ಮಿತಿ ಮೀರಿದರೆ ಮೋಟರ್ ನಿಲ್ಲಿಸೋ ಕಪ್ಪು ರಿಲೇ ಮೇಲೆ ಪುಟ್ಟ ತಿರುಗಣೆ ಇದೆ, ಸುತ್ತ ಆಂಪ್ಸ್, ಅಂದರೆ ಕರೆಂಟಿನ ಅಳತೆ, ಸಂಖ್ಯೆಯಲ್ಲಿ ಇದೆ. ಅಲ್ಲಿ ‘ಸೆಟ್’ ಅಂದರೆ ಇಷ್ಟಕ್ಕೆ ತಂದು ನಿಲ್ಲಿಸು ಅಂತ. ಎಷ್ಟಕ್ಕೆ? ನಿಮ್ಮ ಮೋಟರಿನ ತಗಡಿನ ಮೇಲೆ ಬರೆದ ಆಂಪ್ಸಿಗೆ, ಅದಕ್ಕಿಂತ ಜಾಸ್ತಿ ಬೇಡ. ಮೋಟರನ್ನು ಎರಡು ಹಂತದಲ್ಲಿ ಶುರು ಮಾಡೋ ಸ್ಟಾರ್ ಡೆಲ್ಟಾ ಸ್ಟಾರ್ಟರ್ ಆಗಿದ್ದು, ರಿಲೇ ವೈಂಡಿಂಗ್ (ಮೋಟರಿನ ಒಳಗಿನ ತಂತಿ ಸುರುಳಿ) ಸಾಲಿನಲ್ಲಿ ಇದ್ದರೆ ಆ ಸಂಖ್ಯೆಯನ್ನು 0.58ರಿಂದ ಗುಣಿಸಬೇಕು. ತಗಡಿನಲ್ಲಿ 12 ಇದ್ದರೆ ಸುಮಾರು 7. ಮೇನ್ ಆಫ್ ಮಾಡಿಸಿ, ಗೊತ್ತಿರುವವರ ಕೈಲೇ ಮಾಡಿಸಿ.

ಪಕ್ಕದ ಕೆಂಪು ಗುಂಡಿ ‘ರೀಸೆಟ್’, ಅಂದರೆ ಮತ್ತೆ ಮೊದಲಿನ ಜಾಗಕ್ಕೆ ಕೂರಿಸು ಅಂತ. ಇವೆರಡನ್ನೂ ಒಂದೇ ಅಂದುಕೊಳ್ಳಬೇಡಿ. ನಮ್ಮ ತೋಟದಲ್ಲಿ ವೋಲ್ಟೇಜ್ ಕಮ್ಮಿ ಬಂದು ಸ್ಟಾರ್ಟರ್ ಪದೇ ಪದೇ ಬೀಳುತ್ತಿತ್ತು, ಅಂದರೆ ತಾನಾಗಿ ಆಫ್ ಆಗುತ್ತಿತ್ತು. ವೋಲ್ಟೇಜ್ ಕಮ್ಮಿ ಆದರೆ ಮೋಟರ್ ಜಾಸ್ತಿ ಆಂಪ್ಸ್ ಎಳೆಯುತ್ತದೆ, ರಿಲೇ ಬೀಳೋದು ಅದನ್ನು ಕಾಪಾಡೋಕೆ. ಬಂದ ಮೆಕ್ಯಾನಿಕ್ ಕಾರಣ ಹುಡುಕಲಿಲ್ಲ, ತಿರುಗಣೆಯನ್ನು ಕೊನೆಯವರೆಗೆ ತಿರುಗಿಸಿ “ಸೆಟ್ ಮಾಡಿದೀನಿ, ಇನ್ನು ಬೀಳಲ್ಲ” ಅಂತ ಹೋದ. ನಿಜ, ಬೀಳಲಿಲ್ಲ. ಒಂಬತ್ತು ದಿನಕ್ಕೆ ಕಾಯಿಲ್ ಸುಟ್ಟು ಮೋಟರ್ ಮೇಲೆತ್ತಬೇಕಾಯಿತು. ಭತ್ತ ಹೊಡೆ ಬಿಚ್ಚುವ ಹೊತ್ತು ಅದು, ಪಕ್ಕದವರ ನೀರು ಬೇಡಿ ಬದುಕಿಸಿಕೊಂಡೆವು.

ಕಬ್ಬಿನ ಕರಪತ್ರದ ‘ಸೆಟ್’ ಗಮನವಿಟ್ಟು ನೋಡಿ, ಕೊನೆಯಲ್ಲಿ ಎರಡು ಟಿ ಇರುತ್ತದೆ. ಅದು ಕ್ರಿಯಾಪದ ಅಲ್ಲ, ನೆಲದಲ್ಲಿ ಕೂರಿಸೋ ಬಿತ್ತನೆ ತುಂಡು. ಹುಟ್ಟಿದ್ದು ಮಾತ್ರ ಅದೇ ಬೇರಿನಿಂದ. ‘ಟೂ ಬಡ್ ಸೆಟ್’ ಅಂದರೆ ಎರಡು ಕಣ್ಣಿನ ತುಂಡು. ‘ಸೆಟ್ ಟ್ರೀಟ್‌ಮೆಂಟ್’ ಅಂದರೆ ನಾಟಿಗೆ ಮೊದಲು ಆ ತುಂಡುಗಳ ಉಪಚಾರ, ಶಿಲೀಂಧ್ರನಾಶಕದಲ್ಲಿ ಅದ್ದೋದು ಇತ್ಯಾದಿ. ಅಳತೆಯನ್ನು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಕೇಳಿಕೊಳ್ಳಿ, ನಿಮ್ಮ ತಳಿಗೆ ತಕ್ಕಂತೆ ಹೇಳುತ್ತಾರೆ.

ಕೆಳಗೆ ಒಬ್ಬ ಅಣ್ಣ “ಸೆಟ್ ಅಂದ್ರೆ ಜೊತೆ ಅಷ್ಟೇ, ಸೆಟ್ ದೋಸೆ ಥರ” ಅಂತ ಬರೆದಿದ್ದಾರೆ. ಅಣ್ಣ, ಅದೂ ಸರಿಯೇ, ಆದರೆ ಅದು ಬೇರೆ ಬೇರಿನದ್ದು. ಗುಂಪು, ಜೊತೆ ಅನ್ನೋ ಅರ್ಥದ ‘ಸೆಟ್’ ಹಳೆಯ ಫ್ರೆಂಚಿನಿಂದ ಬಂದ ಪದ, ಮುಂದೆ ಕೂರಿಸೋ ‘ಸೆಟ್’ ಜೊತೆ ಬೆರೆತು ಹೋಯಿತು. ಸೆಟ್ ದೋಸೆ, ಪಂಪ್‌ಸೆಟ್ ಎರಡೂ ಆ ಕಡೆಯವು. ಅದನ್ನು ಹಿಡಿದುಕೊಂಡು ಕಲ್ಲಂಗಡಿ ಚೀಟಿ ಓದೋಕೆ ಆಗಲ್ಲ.

ಮಗಳ ಪರೀಕ್ಷೆಗೆ: ಈ ಪದಕ್ಕೆ ಭೂತಕಾಲದಲ್ಲೂ ರೂಪ ಬದಲಾಗೋದಿಲ್ಲ. ‘ಸೆಟ್ಟೆಡ್’ ಅಂತ ಬರೆದರೆ ತಪ್ಪು. ‘ದ ಗವರ್ನ್‌ಮೆಂಟ್ ಸೆಟ್ಸ್ ದ ಕೇನ್ ಪ್ರೈಸ್ ಎವ್ರಿ ಇಯರ್’ ಅಂದರೆ ಪ್ರತಿ ವರ್ಷ ಗೊತ್ತುಮಾಡುತ್ತದೆ. ಕೊನೆಯ ‘ಸ್’ ಹೋಗಿ ‘ಗವರ್ನ್‌ಮೆಂಟ್ ಸೆಟ್’ ಅಂತಾದರೆ ಆಗಲೇ ಗೊತ್ತುಮಾಡಿತು ಅಂತ. 2024-25ರ ಹಂಗಾಮಿಗೆ ಕೇಂದ್ರ ಸರ್ಕಾರ ಶೇಕಡಾ 10.25ರಷ್ಟು ಸಕ್ಕರೆ ಇಳುವರಿಯ ಕಬ್ಬಿಗೆ ಕ್ವಿಂಟಲ್‌ಗೆ 340 ರೂಪಾಯಿ ಗೊತ್ತುಮಾಡಿತ್ತಲ್ಲ, ಅದನ್ನೇ ವಾಕ್ಯ ಮಾಡಿ ಬರೆಯಲಿ. ಪಕ್ಕದಲ್ಲಿ ಸಣ್ಣ ಪದ ಬಂದರೆ ಅರ್ಥ ತಿರುಗುತ್ತದೆ. ‘ಸೆಟ್ ಅಸೈಡ್’ ಎತ್ತಿಡು, ‘ಸೆಟ್ ಆಫ್’ ಹೊರಡು, ‘ಸೆಟ್ ಅಪ್’ ಹೊಸದಾಗಿ ಹಾಕು, ‘ಸೆಟ್ ಔಟ್ ದ ಸೀಡ್ಲಿಂಗ್ಸ್’ ಅಂದರೆ ಸಸಿ ನಾಟಿ ಹಾಕು. ‘ಸೆಟ್ ಇನ್’ ಬಂದರೆ ಶುರುವಾಗಿ ನೆಲೆ ಊರೋದು. ‘ರಾಟ್ ಸೆಟ್ಸ್ ಇನ್’ ಅಂತ ಚೀಟಿಯಲ್ಲಿ ಇದ್ದರೆ ಕೊಳೆ ಹಿಡಿಯಿತು ಅಂತ, ಅದಕ್ಕೆ ಮೊದಲೇ ಕೆಲಸ ಆಗಬೇಕು.

ನಿಮ್ಮ ಕಲ್ಲಂಗಡಿ ಚೀಟಿಯಲ್ಲಿ ಕೊನೆ ಸಾಲು, ಕೊಯ್ಲಿಗೆ ಎಷ್ಟು ದಿನ ಮೊದಲು ನಿಲ್ಲಿಸಬೇಕು ಅನ್ನೋದು, ಬೆರಳು ಅಡ್ಡ ಬಂದು ಕಾಣುತ್ತಿಲ್ಲ. ಅದೊಂದು ಫೋಟೋ ಬೆಳಕಲ್ಲಿ ಹಿಡಿದು ಮತ್ತೆ ಹಾಕಿ. ಜೊತೆಗೆ ನಾಳೆ ಬೆಳಿಗ್ಗೆ ಒಂದು ಹೆಣ್ಣು ಹೂವಿನ ಹತ್ತಿರದ ಫೋಟೋನೂ ಹಾಕಿ ಅಕ್ಕ, ಕಚ್ಚಿದೆಯೋ ಇಲ್ಲವೋ ನೋಡಿ ಹೇಳುತ್ತೇನೆ. ಅಲ್ಲಿವರೆಗೆ ಕ್ಯಾನು ತೊಳೆದು ಇಟ್ಟಿರಿ, ಹೊಡೆಯಬೇಡಿ.