ಒಂದೇ ಲೋಟಕ್ಕೆ 40 ಫೋಟೋ

ಪತ್ರ: ಮಗಳಿಗೆ 14 ತುಂಬಿದೆ. ಸೋದರಮಾವ ತಮ್ಮ ಹಳೆಯ ಡಿಜಿಟಲ್ ಕ್ಯಾಮೆರಾ ಕೊಟ್ಟಾಗಿನಿಂದ ಅದನ್ನು ಕೆಳಗೇ ಇಡುತ್ತಿಲ್ಲ. ಮೊನ್ನೆ ಕಿಟಕಿ ಕಟ್ಟೆ ಮೇಲೆ ನೀರಿನ ಲೋಟ ಇಟ್ಟು ಅದೊಂದಕ್ಕೇ 40 ಫೋಟೋ ತೆಗೆದಿದ್ದಾಳೆ! ಇದು ವಯಸ್ಸಿನ ಹುಚ್ಚೋ, ಉಳಿಯುವಂಥದ್ದೋ? ಒಳ್ಳೆಯ ಕ್ಯಾಮೆರಾ ಕೊಡಿಸಬೇಕಾ? ಮುಂದೆ ಇದರಿಂದ ಹೊಟ್ಟೆ ತುಂಬುತ್ತದಾ?
— ಒಬ್ಬ ತಾಯಿ

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮನ್ನು ಚಿಂತೆಗೆ ಹಚ್ಚಿದ ಸಾಲೇ ನನಗೆ ಖುಷಿ ಕೊಟ್ಟಿತು. 40 ಬೇರೆ ಬೇರೆ ವಸ್ತುಗಳ ಫೋಟೋ ತೆಗೆದಿದ್ದರೆ, ಕ್ಯಾಮೆರಾ ಹೊಸದು, ಅದಕ್ಕೇ ಈ ಉತ್ಸಾಹ ಅಂದುಕೊಳ್ಳುತ್ತಿದ್ದೆ. ಒಂದನ್ನೇ 40 ಸಲ ತೆಗೆದಿದ್ದಾಳೆ ಅಂದರೆ, ಮೊದಲ ಫೋಟೋದಲ್ಲಿ ಏನೋ ಸರಿ ಬಂದಿಲ್ಲ ಅನ್ನುವುದು ಅವಳಿಗೆ ಕಂಡಿದೆ. ಬಿಸಿಲು ನೀರನ್ನು ಹಾದು ಕಟ್ಟೆ ಮೇಲೆ ಬೀಳುವ ರೀತಿ ನೋಡನೋಡುತ್ತಲೇ ಬದಲಾಗುತ್ತದೆ. ಅದು ಅವಳ ಕಣ್ಣಿಗೆ ಬಿದ್ದಿರಬೇಕು.

ನನಗೂ ಈ ಗೀಳು ಹಿಡಿದದ್ದು ಅದೇ ವಯಸ್ಸಿಗೆ. ಮೊದಲ ರೀಲು 36 ಫೋಟೋದ್ದು. ಒಂದೊಂದಕ್ಕೂ ಉಸಿರು ಬಿಗಿಹಿಡಿದು ಶಟರ್ ಒತ್ತಿದ್ದೆ. ತೊಳೆಸಿ ತಂದರೆ ರೀಲು ಪೂರ್ತಿ ಖಾಲಿ. ಫಿಲ್ಮಿನ ತುದಿ ಒಳಗಿನ ಚಕ್ರದ ಹಲ್ಲುಗಳಿಗೆ ಕಚ್ಚಿಕೊಂಡೇ ಇರಲಿಲ್ಲ. ಲಿವರ್ ಎಳೆದಂತೆಲ್ಲ ಲೆಕ್ಕದ ಅಂಕಿ ಮಾತ್ರ ಮುಂದೆ ಹೋಗುತ್ತಿತ್ತು. ರೀಲು ಸುತ್ತುವ ಎಡಗಡೆಯ ಗುಂಡಿ ತಾನಾಗಿ ತಿರುಗುತ್ತಿದೆಯಾ ಎಂದು ನೋಡಿದ್ದರೆ ಗೊತ್ತಾಗಿಬಿಡುತ್ತಿತ್ತು. ಆ ರಾತ್ರಿ ಅತ್ತುಬಿಟ್ಟೆ. ಬೆಳಿಗ್ಗೆ ಎದ್ದು ಕೂತು ಯೋಚಿಸಿದರೆ, ಆ 36 ಫೋಟೋಗಳೂ ನೆನಪಿದ್ದವು. ಎಲ್ಲಿ ನಿಂತಿದ್ದೆ, ನೆರಳು ಯಾವ ಕಡೆ ಬಿದ್ದಿತ್ತು, ಎಲ್ಲ. ಒಂದೊಂದನ್ನೇ ಮತ್ತೆ ತೆಗೆಯಲು ಹೊರಟೆ.

ಆಮೇಲೆ ಕತ್ತಲೆ ಕೋಣೆ. ಕಪ್ಪು ಬಿಳುಪು ಪ್ರಿಂಟಿನ ಕಾಗದಕ್ಕೆ ಕೆಂಪು ಬೆಳಕು ತಾಗುವುದಿಲ್ಲ, ಅದಕ್ಕೇ ಅಲ್ಲಿ ಕೆಂಪು ಬಲ್ಬು. ಚಿತ್ರ ಮೂಡಿಸುವ ಡೆವಲಪರ್ ದ್ರಾವಣದ ತಟ್ಟೆಯಲ್ಲಿ ಬಿಳಿ ಹಾಳೆ ಮುಳುಗಿಸಿ, ತಟ್ಟೆಯ ಒಂದು ಅಂಚನ್ನು ಮೆಲ್ಲಗೆ ಎತ್ತಿ ಇಳಿಸುತ್ತಾ ನಿಂತಿದ್ದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಮೊದಲು ಅಕ್ಕನ ಜಡೆ ಕಂಡಿತು. ಆಮೇಲೆ ಹುಬ್ಬು. ಕೆನ್ನೆ ಬಂದದ್ದು ಎಲ್ಲಕ್ಕಿಂತ ಕೊನೆಗೆ. ನೋಡುತ್ತಾ ಮೈಮರೆತು ಹಾಳೆಯನ್ನು ಎತ್ತುವುದು ತಡವಾಯಿತು, ಮುಖ ಕಪ್ಪಿಟ್ಟಿತು. ಆ ಪ್ರಿಂಟು ಇವತ್ತಿಗೂ ನನ್ನ ಹತ್ತಿರ ಇದೆ.

ಹಾಗಂತ ರೀಲಿನ ಕಾಲವೇ ಚೆಂದ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ನಾನು ವಾರಗಟ್ಟಲೆ ಕಾದು ತಿಳಿದ ತಪ್ಪು ನಿಮ್ಮ ಮಗಳಿಗೆ ಕೂಡಲೇ ಕಾಣುತ್ತದೆ. ಅದು ಎಷ್ಟು ದೊಡ್ಡ ಲಾಭ, ಅಲ್ವಾ?

ಇದು ಉಳಿಯುತ್ತದಾ ಎಂದು ಕೇಳಿದ್ದೀರಿ. ಹೆಸರಾಂತ ಫೋಟೋಗ್ರಾಫರ್ ಆನ್ಸೆಲ್ ಆಡಮ್ಸ್ ಅವರ ಕತೆ ಹೇಳುತ್ತೇನೆ. 1916ರಲ್ಲಿ ಅವರಿಗೂ 14. ಅಪ್ಪ ಅಮ್ಮನ ಜೊತೆ ಅಮೆರಿಕದ ಯೊಸೆಮಿಟಿ ಕಣಿವೆಗೆ ಹೋದಾಗ ಕೈಗೆ ಸಿಕ್ಕಿದ್ದು ಕೊಡಕ್ ಬ್ರೌನಿ, ಡಬ್ಬಿಯಂಥ ಕ್ಯಾಮೆರಾ. ಮರುವರ್ಷ ಮತ್ತೆ ಅಲ್ಲಿಗೇ ಹೋದರು. ಅದರ ಮರುವರ್ಷವೂ ಹೋದರು. 1927ರಲ್ಲಿ ಅಲ್ಲಿನ ಹಾಫ್ ಡೋಮ್ ಬಂಡೆಯ ಎದುರು ನಿಂತಾಗ ಫೋಟೋ ಮೂಡುವ ಗಾಜಿನ ಪ್ಲೇಟು ಉಳಿದಿದ್ದದ್ದು ಎರಡೇ. ಒಂದನ್ನು ಹಳದಿ ಫಿಲ್ಟರ್ ಹಾಕಿ ತೆಗೆದರು. ಮನಸ್ಸಿನಲ್ಲಿದ್ದ ಕಪ್ಪು ಆಕಾಶ ಇದರಲ್ಲಿ ಬರುವುದಿಲ್ಲ ಅನಿಸಿತು. ಕೊನೆಯ ಪ್ಲೇಟಿಗೆ, ಆಕಾಶದ ನೀಲಿಯನ್ನು ತಡೆಯುವ ಕಡುಗೆಂಪು ಫಿಲ್ಟರ್ ಹಾಕಿದರು. ಇವತ್ತಿಗೂ ಜನ ನೋಡುವುದು ಆ ಕೊನೆಯದನ್ನು. ಮೊದಲ ಕ್ಯಾಮೆರಾದಿಂದ ಅಲ್ಲಿಗೆ 11 ವರ್ಷ. ಆಗೆಲ್ಲ ಅವರಿಗೆ ಪಿಯಾನೋ ವಾದಕನಾಗುವ ಆಸೆಯೂ ಇತ್ತು, ಅಭ್ಯಾಸವೂ ನಡೆದಿತ್ತು. ಒಂದು ಇನ್ನೊಂದನ್ನು ಕೆಡಿಸಲಿಲ್ಲ.

ಹೊಟ್ಟೆಪಾಡಿನ ಮಾತು ಈಗಲೇ ಬೇಡ. ಫ್ರಾನ್ಸಿನ ಝಾಕ್ ಆನ್ರಿ ಲಾರ್ತಿಗ್ ಚಿಕ್ಕ ಹುಡುಗನಾಗಿದ್ದಾಗಲೇ ಫೋಟೋ ತೆಗೆಯಲು ಶುರು ಮಾಡಿದವರು. ತಮ್ಮನ್ನು ಚಿತ್ರಕಾರ ಎಂದೇ ಕರೆದುಕೊಳ್ಳುತ್ತಿದ್ದರು. 1963ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಅವರ ಫೋಟೋಗಳನ್ನು ಪ್ರದರ್ಶನಕ್ಕಿಟ್ಟಾಗ ಅವರಿಗೆ 69. ಅಷ್ಟೂ ವರ್ಷ ತೆಗೆಯುತ್ತಲೇ ಇದ್ದರು.

ಹೊಸ ಕ್ಯಾಮೆರಾ ಈಗ ಕೊಡಿಸಬೇಡಿ. ಮಾವನ ಕ್ಯಾಮೆರಾವನ್ನೇ, ಎಲ್ಲವನ್ನೂ ಕೈಯಾರೆ ಹೊಂದಿಸುವ ಮ್ಯಾನ್ಯುಯಲ್ ಮೋಡ್‌ಗೆ ಹಾಕಿ, ನಲ್ಲಿಯಿಂದ ಬೀಳುವ ನೀರನ್ನು ತೆಗೆಯಲಿ. ಒಳ್ಳೆಯ ಬಿಸಿಲಿನಲ್ಲಿ ಶಟರ್ ತೆರೆದಿರುವ ಹೊತ್ತನ್ನು 1/1000 ಸೆಕೆಂಡಿಗೆ ಇಟ್ಟರೆ ಹನಿಗಳು ಗಾಜಿನ ಗೋಲಿಗಳ ಹಾಗೆ ನಿಲ್ಲುತ್ತವೆ. 1/8 ಇಟ್ಟರೆ ಅದೇ ನೀರು ರೇಷ್ಮೆ ದಾರದಂತಾಗುತ್ತದೆ. ಬೆಳಕು ಜಾಸ್ತಿಯಾದರೆ ಏನು ಮಾಡಬೇಕು ಎಂದು ಅವಳೇ ತಡಕಾಡಲಿ, ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಅಪರ್ಚರ್, ಅಂದರೇನು ಅನ್ನುವುದು ಆಗ ತಲೆಗೆ ಹೋಗುತ್ತದೆ. ಮುಂದೊಂದು ದಿನ ಅವಳು ಬಂದು, ಈ ಕ್ಯಾಮೆರಾದಲ್ಲಿ ಇಂಥದ್ದು ಆಗುತ್ತಿಲ್ಲ ಎಂದು ಬಿಡಿಸಿ ಹೇಳಿದರೆ, ಆಗ ಕೊಡಿಸಿ.

ಇನ್ನೊಂದು ಕೆಲಸ ಈ ವಾರವೇ ಮಾಡಿ. ಆ 40ರಲ್ಲಿ ನಾಲ್ಕನ್ನು ಅವಳೇ ಆರಿಸಲಿ, ಪ್ರಿಂಟ್ ಹಾಕಿಸಿ ಕೊಡಿ. ಮೊಬೈಲು ಪಕ್ಕಕ್ಕಿಟ್ಟು ಅವಳ ಜೊತೆ ಕೂತು, ಈ ನಾಲ್ಕೇ ಯಾಕೆ ಎಂದು ಕೇಳಿ. ಸುಮ್ನೆ ಚೆನ್ನಾಗಿದೆ ಅಂದುಬಿಡಬೇಡಿ, ಅವಳು ಹೇಳುವಷ್ಟೂ ಹೊತ್ತು ಕೇಳಿಸಿಕೊಳ್ಳಿ. ಅವಳು ಒಪ್ಪಿದರೆ ಒಂದು ಪ್ರತಿ ನಮಗೂ ಕಳಿಸಿ. ನನ್ನ ಮೇಜಿನ ಮೇಲೆ ಜಾಗ ಇದೆ.