ಉಗುರು ಪದರ ಪದರವಾಗಿ ಏಳುತ್ತಿದ್ದರೆ ಏನು ಮಾಡಬೇಕು?

ಉಗುರು ಸ್ವಲ್ಪ ಬೆಳೆಯುವಷ್ಟರಲ್ಲಿ ತುದಿ ಪದರ ಪದರವಾಗಿ ಏಳುತ್ತದೆ, ಎರಡು ತಿಂಗಳಿಂದ ಕ್ಯಾಲ್ಸಿಯಂ ಮಾತ್ರೆ ತಗೊಂಡರೂ ಏನೂ ಬದಲಾಗಿಲ್ಲ ಅಂತ ಕೇಳಿದ್ದೀರಿ. ನನ್ನ ಉಗುರೂ ಹೀಗೇ ಇತ್ತು. ಫೆಬ್ರವರಿಯಲ್ಲಿ ತಂಗಿಯ ಮದುವೆ. ನೆರಿಗೆ ಹಿಡಿಯುವಾಗ ಸೀಳಿದ ಉಗುರಿಗೆ ರೇಷ್ಮೆ ಎಳೆ ಸಿಕ್ಕಿಕೊಂಡು, ಅಮ್ಮನ ಹಳೇ ಸೀರೆಯಲ್ಲಿ ಒಂದು ಗೇಣು ದಾರ ಎದ್ದು ಬಂತು. ಅವತ್ತೇ ಇದಕ್ಕೊಂದು ದಾರಿ ಹುಡುಕಬೇಕು ಅನ್ನಿಸಿತು.

ಮೊದಲು ಕ್ಯಾಲ್ಸಿಯಂ ವಿಷಯ. ಉಗುರು ಮೂಳೆಯಲ್ಲ. ಕೂದಲಿನ ಹಾಗೆ ಅದೂ ಕೆರಾಟಿನ್ ಅನ್ನುವ ಪ್ರೋಟೀನ್. ಕ್ಯಾಲ್ಸಿಯಂ ಅದರಲ್ಲಿ ತೀರಾ ಕಡಿಮೆ. ಬಿಳಿ ಚುಕ್ಕೆ ಕಂಡರೂ ಕ್ಯಾಲ್ಸಿಯಂ ಸಾಲದು ಅನ್ನುತ್ತಾರೆ ಅಲ್ವಾ? ಸಾಮಾನ್ಯವಾಗಿ ಅದು ಉಗುರಿನ ಬುಡಕ್ಕೆ ಯಾವಾಗಲೋ ಬಿದ್ದ ಸಣ್ಣ ಪೆಟ್ಟಿನ ಗುರುತು. ಡಾಕ್ಟರ್ ಬೇರೆ ಕಾರಣಕ್ಕೆ ಕೊಟ್ಟಿದ್ದರೆ ಮಾತ್ರೆ ಮುಂದುವರಿಸಿ. ಬರೀ ಉಗುರಿಗೆ ಅಂತ ನೀವೇ ಶುರು ಮಾಡಿದ್ದರೆ ಅದು ಬೇಕಿಲ್ಲ.

ನನ್ನ ಉಗುರು ಹಾಳಾಗಿದ್ದು ಜಾಸ್ತಿ ನೀರಿನಿಂದ. ಮದುವೆಗೆ ಮುಂಚೆ, ಅವರೆಕಾಯಿ ಕಾಲದಲ್ಲಿ, ಹಿತಕಿದ ಬೇಳೆ ಸಾರಿಗೆ ನೆನೆಸಿದ ಕಾಳು ಹಿತುಕುತ್ತಾ ಒಂದು ಗಂಟೆ ಕೂತಿದ್ದೆ. ಎದ್ದಾಗ ಹೆಬ್ಬೆರಳಿನ ಉಗುರು ನೆನೆದ ರಟ್ಟಿನ ಹಾಗೆ ಬಾಗುತ್ತಿತ್ತು. ಒಣಗಿದ ಮೇಲೆ ನೋಡಿದರೆ ತುದಿಯಲ್ಲಿ ಈರುಳ್ಳಿ ಸಿಪ್ಪೆಯಂಥ ತೆಳು ಪದರ ಎದ್ದಿತ್ತು. ಉಗುರು ನೆನೆದಾಗ ಊದುತ್ತದೆ, ಒಣಗಿದಾಗ ಕುಗ್ಗುತ್ತದೆ. ಪಾತ್ರೆ, ಬಟ್ಟೆ, ನೆಲ ಅಂತ ದಿನಕ್ಕೆ ಹತ್ತಿಪ್ಪತ್ತು ಸಲ ಹೀಗಾದರೆ ಪದರಗಳ ನಡುವಿನ ಹಿಡಿತ ಸಡಿಲವಾಗುತ್ತದೆ. ಸೋಪು ಸೇರಿದರೆ ಇದ್ದ ಜಿಡ್ಡೂ ಹೋಗುತ್ತದೆ.

ಆಮೇಲೆ ಪಾತ್ರೆ ತೊಳೆಯುವಾಗ ಒಳಗೆ ತೆಳು ಹತ್ತಿ ಗ್ಲೌಸ್, ಮೇಲೆ ರಬ್ಬರ್ ಗ್ಲೌಸ್ ಹಾಕತೊಡಗಿದೆ. ಬರೀ ರಬ್ಬರ್ ಆದರೆ ಒಳಗೆ ಬೆವರಿ ಅದೇ ಕಥೆ. ರಾತ್ರಿ ಮಲಗುವಾಗ ಕೊಬ್ಬರಿ ಎಣ್ಣೆಯನ್ನು ಉಗುರಿನ ಬುಡಕ್ಕೂ ತುದಿಗೂ ತಿಕ್ಕುತ್ತೇನೆ. ಸ್ನಾನ ಆದ ಮೇಲೆ, ಉಗುರು ಮೆತ್ತಗಿರುವಾಗ ಗಿಡ್ಡಕ್ಕೆ ಕತ್ತರಿಸಿ, ಒಣಗಿದ ನಂತರ ಫೈಲ್‌ನಿಂದ ಒಂದೇ ದಿಕ್ಕಿಗೆ ಉಜ್ಜುತ್ತೇನೆ. ಡಬ್ಬಿ ಮುಚ್ಚಳ ತೆಗೆಯೋಕೆ ಚಮಚ ಇದೆ, ಉಗುರು ಬೇಡ. ಬುಡದ ತೆಳು ಚರ್ಮವನ್ನು ದಯವಿಟ್ಟು ಕತ್ತರಿಸಬೇಡಿ. ಒಳಗೆ ಸೋಂಕು ಹೋಗದ ಹಾಗೆ ಕಾಯುವುದು ಅದೇ. ಉಗುರುಬಣ್ಣ ತೆಗೆಯುವ ಅಸಿಟೋನ್ ಉಗುರನ್ನು ತುಂಬಾ ಒಣಗಿಸುತ್ತದೆ, ಆದಷ್ಟು ಕಡಿಮೆ ಮಾಡಿ.

ಇಷ್ಟು ಮಾಡಿದರೂ ನನಗೆ ಅರ್ಧ ಗುಣ ಮಾತ್ರ ಕಂಡಿತು. ಸುಸ್ತು ಬೇರೆ ಇತ್ತು. ರಕ್ತಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 9.4. ಹೆಂಗಸರಿಗೆ ಕನಿಷ್ಠ 12 ಇರಬೇಕು. ಕಬ್ಬಿಣದಂಶ ತುಂಬಾ ಕಡಿಮೆಯಾದರೆ ಉಗುರು ತೆಳುವಾಗಿ, ಚಮಚದ ಹಾಗೆ ನಡುವೆ ಗುಳಿ ಬೀಳುವುದೂ ಉಂಟು. ಡಾಕ್ಟರ್ ಮಾತ್ರೆ ಕೊಟ್ಟು, ಊಟದ ಜೊತೆಗೇ ಚಹಾ ಕುಡಿಯಬೇಡಿ ಅಂದರು. ಚಹಾ ಕಬ್ಬಿಣದಂಶ ಮೈಗೆ ಹತ್ತಲು ಬಿಡುವುದಿಲ್ಲ. ಸೊಪ್ಪು, ಹುರುಳಿಕಾಳಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿಕೊಳ್ಳುವುದು ಒಳ್ಳೆಯದು. ನೀವೂ ಹಿಮೋಗ್ಲೋಬಿನ್, ಥೈರಾಯ್ಡ್ ಎರಡನ್ನೂ ಒಮ್ಮೆ ನೋಡಿಸಿ. ಬಯೋಟಿನ್ ಮಾತ್ರೆ ತಗೊಳ್ಳುತ್ತಿದ್ದರೆ ಡಾಕ್ಟರಿಗೂ ಲ್ಯಾಬಿನವರಿಗೂ ಮೊದಲೇ ಹೇಳಿ. ಅದರಿಂದ ಥೈರಾಯ್ಡ್ ರಿಪೋರ್ಟ್ ತಪ್ಪಾಗಿ ಬರಬಹುದು. ಒಂದೇ ಉಗುರಿನಲ್ಲಿ ಹೊಸದಾಗಿ ಕಪ್ಪು ಗೆರೆ ಮೂಡಿದರೆ, ಅಥವಾ ಉಗುರು ಹಳದಿಯಾಗಿ ದಪ್ಪಗಾದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಚರ್ಮದ ಡಾಕ್ಟರಿಗೆ ತೋರಿಸಿ.

ಇನ್ನು ಎರಡು ತಿಂಗಳಿಗೇ ಬೇಸರ ಮಾಡಿಕೊಳ್ಳಬೇಡಿ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ, ಅಷ್ಟೇ. ಸೀಳಿದ ತುದಿ ಮತ್ತೆ ಕೂಡಿಕೊಳ್ಳುವುದಿಲ್ಲ, ಬುಡದಿಂದ ಹೊಸದು ಬರಬೇಕು. ಮದುವೆಗೆ ಹಚ್ಚಿದ ಮದರಂಗಿ ನನಗೆ ಇದನ್ನು ಕಣ್ಣಾರೆ ತೋರಿಸಿತು. ಅಂಗೈ ಬಣ್ಣ ಎರಡೇ ವಾರದಲ್ಲಿ ಹೋಯಿತು, ಉಗುರಿನದು ಉಳಿಯಿತು. ಯುಗಾದಿ ಹೊತ್ತಿಗೆ ಬುಡದಲ್ಲಿ ಅಕ್ಕಿಕಾಳಿನಷ್ಟು ಜಾಗ ಬಣ್ಣವಿಲ್ಲದೆ ಕಂಡಿತು. ಆಗಸ್ಟ್‌ನಲ್ಲಿ ಹೆಬ್ಬೆರಳಿನ ತುದಿಯ ಕೊನೇ ಕೆಂಪು ಗೆರೆ ಕತ್ತರಿಸಿದೆ. ಅದರ ಹಿಂದಿದ್ದ ಉಗುರು ಪೂರ್ತಿ ಹೊಸದು, ಒಂದು ಪದರವೂ ಎದ್ದಿರಲಿಲ್ಲ. ನೀವೂ ಇವತ್ತೇ ಒಂದು ಉಗುರಿಗೆ ಮದರಂಗಿ ಹಚ್ಚಿ ನೋಡಿ.